ಕಾಗಿಣಾ ದಂಡೆಯ ನಾಲ್ಕನೆಯ ಕಲ್ಲು

ಕಲಬುರಗಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸು ಸೇಡಂ ಮುಟ್ಟುವಾಗ ಒಂಬತ್ತಾಗಿತ್ತು. ಬಸ್ಸಿನ ತುಂಬ ಹೆಂಗಸರು. ಅವರಿಗೆ ಪ್ರಯಾಣ ಉಚಿತ, ಟಿಕೆಟಿಗೆ ದುಡ್ಡು ಕೊಟ್ಟ ನಾನು ದಾರಿಯುದ್ದಕ್ಕೂ ನಿಂತೇ ಬಂದೆ. ದೀಪಾವಳಿ ಕಳೆದ ದಿನಗಳು. ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು.

ನಾನು ಮಲ್ಪೆಯವನು. ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆ ಗೆಳೆಯರ ಜೊತೆ ಕಡಲತೀರ ಅಳೆಯುತ್ತೇನೆ, ಅಲೆ ತಂದು ಹಾಕಿದ ಕಸ ಎಣಿಸುತ್ತೇನೆ. ಕಾಗಿಣಾ ನದಿಯ ದಂಡೆಯನ್ನು ಹಾಗೆಯೇ ಕಾಯುವ ಸ್ವಯಂಸೇವಕರು ಇದ್ದಾರೆಂದು ತಿಳಿದು ಇಷ್ಟು ದೂರ ಬಂದಿದ್ದೆ. ನಿಜ ಹೇಳುತ್ತೇನೆ, ಕಲಿಯುವುದಕ್ಕಲ್ಲ, ಕಲಿಸುವುದಕ್ಕೆ. ಕಡಲು ಕಂಡವನಿಗೆ ಹೊಳೆ ಯಾವ ಲೆಕ್ಕ ಎಂಬ ಜಂಬ ಆ ಬೆಳಿಗ್ಗೆ ನನ್ನಲ್ಲಿ ಬೇಕಾದಷ್ಟಿತ್ತು.

ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದವರು ಆ ತಂಡದ ಹಿರಿಯ, ವಾಡಿಯ ಬಸಣ್ಣ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಇಡೀ ಜೀವಮಾನ ಹಳಿ ನೋಡಿಕೊಂಡವರು. "ಬರ್ರಿ ಸರ, ಮೊದಲ ಸೂಸಲಾ ತಿನ್ರಿ, ಹೊಳಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದರು. ಮಂಡಕ್ಕಿಯ ಸೂಸಲಾ, ಮೇಲೆ ಎರಡು ಮಿರ್ಚಿ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವರಿಗೆ ಭಾರಿ ಸಂತೋಷವಾಯಿತು.

ಆ ತಂಡದ ವಿಧಾನ ಸರಳ. ಶಹಾಬಾದಿನ ಫರಸಿ ಕಲ್ಲಿನ ಚಪ್ಪಡಿಗೆ ಕೆಂಪು ಬಣ್ಣ ಬಳಿದು, ನಂಬರು ಬರೆದು ದಂಡೆಯ ಮೇಲೆ ನಿಲ್ಲಿಸುತ್ತಾರೆ. ಪ್ರತಿ ತಿಂಗಳು ಕಲ್ಲಿನಿಂದ ದಂಡೆಯ ಅಂಚಿಗೆ ಟೇಪು ಹಿಡಿದು ಬರೆದುಕೊಳ್ಳುತ್ತಾರೆ. ಅಡಿ ಕಡಿಮೆಯಾದರೆ ಹೊಳೆ ಮಣ್ಣು ತಿಂದಿದೆ ಎಂದರ್ಥ. ಸೇಡಂನಲ್ಲಿ ಒಂದನೆಯ ಕಲ್ಲು, ಮಳಖೇಡದಲ್ಲಿ ಹಳೇ ಕೋಟೆಯ ಬಳಿ ಎರಡನೆಯದು ನೋಡಿದೆವು. ಮೂರನೆಯದು ಇರಲೇ ಇಲ್ಲ. "ಬಟ್ಟಿ ಒಗ್ಯಾಕ ಒಯ್ದಾರ. ಛಲೋ ಫರಸಿ ಅಲ್ರಿ, ಬಿಡ್ತಾರೇನು?" ಎಂದು ಬಸಣ್ಣ ನಕ್ಕರು. "ನಾಲ್ಕನೇದಕ್ಕ ಮಾತ್ರ ಚಿಂತಿಲ್ಲ. ಅದಕ್ಕ ಮಂದಿ ಕುಂಕುಮ ಹಚ್ಚ್ಯಾರ. ದೇವರ ಕಲ್ಲು ಯಾರು ಕದೀತಾರ?"

ಚಿತ್ತಾಪುರಕ್ಕೆ ಬಂದಾಗ ಮಧ್ಯಾಹ್ನ, ಬಿಸಿಲು ಚುರುಗುಟ್ಟುತ್ತಿತ್ತು. ನಾಲ್ಕನೆಯ ಕಲ್ಲಿರುವ ಹಳ್ಳಿಯ ಮಲ್ಲಮ್ಮ ನಮಗಾಗಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಅಂಗನವಾಡಿಯಲ್ಲಿ ಸಹಾಯಕಿ, ಆ ತಿಂಗಳಷ್ಟೇ ತಂಡ ಸೇರಿದವರು. ನಾವು ಉಂಡು ಕೈ ತೊಳೆದ ಮೇಲೆ ಬಾಯಿಬಿಟ್ಟರು.

"ಅಣ್ಣಾ, ಹೊಳಿ ನಮ್ಮ ಕಡಿ ಸರದು ಬರಾಕತ್ತದ. ನನ್ನ ಮಗಳನ್ನ ಅಲ್ಲೇ ದಂಡಿಮ್ಯಾಲ ಮಣ್ಣು ಮಾಡೀವಿ. ನಾಳೆ ಪಂಚಾಯ್ತಿಗೆ ಕೊಡೂ ಯಾದ್ಯಾಗ ನಮ್ಮೂರ ಹೆಸರು ಹಾಕ್ರಿ."

ತಡೆಗೋಡೆ ಎಲ್ಲೆಲ್ಲಿ ಬೇಕು ಎಂಬ ಪಟ್ಟಿಯನ್ನು ಮರುದಿನ ಕೊಡಬೇಕಿತ್ತು. ಬಸಣ್ಣ ಸಂಕಟದಿಂದ ನೋಟುಬುಕ್ಕು ತೆರೆದರು. "ಯವ್ವಾ, ನನಗೂ ಹಾಕಬೇಕಂತ ಅದ. ಆದ್ರ ಎರಡು ವರ್ಷದಿಂದ ಅಳತಿ ಹದಿನೆಂಟೇ ಅಡಿ. ಇಂಚೂ ಕಡಿಮಿ ಆಗಿಲ್ಲ."

ಬಾಯಿ ಮುಚ್ಚಿಕೊಂಡಿರಬೇಕಾಗಿದ್ದವನು ನಾನು. "ದುಃಖದಲ್ಲಿ ಹಾಗೆ ಅನಿಸುತ್ತದಮ್ಮ. ಅಳತೆ ಸುಳ್ಳು ಹೇಳುವುದಿಲ್ಲ" ಎಂದುಬಿಟ್ಟೆ. ಆಕೆ ರೊಟ್ಟಿ ಕಟ್ಟಿದ್ದ ಬಟ್ಟೆಯನ್ನು ಝಾಡಿಸಿ ಮಡಚಿಟ್ಟುಕೊಂಡರು.

ಹಳ್ಳಿಗೆ ಆಟೊದಲ್ಲಿ ಅರ್ಧ ಗಂಟೆ. ಹೊಳೆಯ ಕಡೆಯ ಕಾಲುದಾರಿಯಲ್ಲಿ ಹೋಗಿ ಕಲ್ಲು ಮುಟ್ಟಿದೆವು. ಕುಂಕುಮ, ಹಸಿರು ಬಳೆ, ಒಡೆದ ಕಾಯಿ. ಟೇಪು ಹಿಡಿದರೆ ಹದಿನೆಂಟು ಅಡಿಯೇ. ಮಲ್ಲಮ್ಮ ಮಾತ್ರ ಕಲ್ಲನ್ನೇ ದಿಟ್ಟಿಸುತ್ತಿದ್ದರು. "ಇದೇ ಏನ್ರಿ ನಿಮ್ಮ ಅಳತಿ ಕಲ್ಲು? ಇದು ಕುರಿಯವರ ಗಂಗವ್ವ ಅಲ್ಲೇನು?"

ಅಷ್ಟು ದೂರದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನನ್ನು ಆಕೆಯೇ ಕೂಗಿ ಕರೆದರು. ಆತ ಚಪ್ಪಲಿ ದೂರ ಬಿಟ್ಟು, ಕಲ್ಲಿಗೆ ಕೈ ಮುಗಿದು ನಿಂತ. ಕಲ್ಲನ್ನು ಯಾರಾದರೂ ಸರಿಸಿದರೇ ಎಂದು ಆಕೆ ಕೇಳಿದರು.

"ಹೌದ್ರಿ, ನಾವೇ ಹಿಂದಕ್ಕ ತಂದೀವಿ. ಹ್ವಾದ ಮಳಿಗಾಲ ಒಮ್ಮೆ, ಈ ಸಲ ಒಮ್ಮೆ. ದಂಡಿ ಕುಸೀತದ, ತಾಯೀನ ನೀರಿಗೆ ಬಿಡಾಕ ಆಗ್ತದೇನ್ರಿ? ಮೊದಲ ಹೊಳಿಗೆ ಮೂರು ಮಾರು ದೂರ ಇದ್ದಳು. ಈಗೂ ಅಷ್ಟೇ, ಮಾರು ಹಾಕಿ ಅಳದು ನೋಡೇ ಕುಂದ್ರಿಸೀವಿ. ಆಕಿ ಸಿಟ್ಟಾಗಬಾರದು ನೋಡ್ರಿ."

ಎರಡು ಸಲವೂ ಎರಡೆರಡು ಮಾರು ಹಿಂದಕ್ಕೆ ತಂದಿದ್ದರಂತೆ; ಮಾರಿಗೆ ಆರಡಿಯಂತೆ ಹೊಳೆ ಇಪ್ಪತ್ನಾಲ್ಕು ಅಡಿ ತಿಂದಿತ್ತು. ಆತನ ಭಕ್ತಿಯಲ್ಲಿ ತಪ್ಪಿರಲಿಲ್ಲ, ಅಳತೆಯಲ್ಲೂ ತಪ್ಪಿರಲಿಲ್ಲ. ಬಸಣ್ಣ ಟೇಪು ಕೆಳಗಿಟ್ಟರು. "ನಮ್ಮ ಲೈನಿನ ಮ್ಯಾಲ ಕಿಲೋಮೀಟರ್ ಕಲ್ಲು ಎಂದೂ ಸರದಿಲ್ರಿ. ನಾನು ಕಲ್ಲು ನಂಬಿದೆ, ಈ ತಂಗೀನ ನಂಬಲಿಲ್ಲ." ನನಗಂತೂ ತಲೆ ಎತ್ತುವುದಕ್ಕೆ ನಾಚಿಕೆಯಾಯಿತು. "ಅಮ್ಮಾ, ತಪ್ಪಾಯಿತು" ಎಂದೆ. ಆಕೆಗೆ ಕೇಳಿಸಿತೋ ಇಲ್ಲವೋ.

ಹೊಸದಾಗಿ ಅಳೆಯಲು ಕದಲದ ಗುರುತು ಬೇಕಿತ್ತು. ಸುತ್ತ ಬರೀ ಜಾಲಿ ಕಂಟಿ. ಬಸಣ್ಣ ಅತ್ತಿತ್ತ ಹುಡುಕುತ್ತಿದ್ದಾಗ ಮಲ್ಲಮ್ಮ ಟೇಪಿನ ತುದಿ ಹಿಡಿದು ಕಂಟಿಯೊಳಗೆ ನುಗ್ಗಿದರು. ಕೆಲವೇ ಹೆಜ್ಜೆ. ಅಲ್ಲಿ ಸುತ್ತಲೂ ಚಿಕ್ಕ ಕಲ್ಲು ಜೋಡಿಸಿದ, ಒಂದು ಮಗುವಿನಷ್ಟೇ ಉದ್ದದ ಮಣ್ಣಿನ ದಿಬ್ಬವಿತ್ತು.

"ಇಲ್ಲಿಂದ ಅಳೀರಿ. ಇಕೀನ ಯಾರೂ ಸರಸಂಗಿಲ್ಲ."

ನಾನು ಟೇಪಿನ ಪೆಟ್ಟಿಗೆ ಹಿಡಿದು ಅಂಚಿಗೆ ಹೋದೆ. ಕಾಲ ಬಳಿಯ ಕರಿಮಣ್ಣು ಬಿರುಕು ಬಿಟ್ಟಿತ್ತು. "ಇಪ್ಪತ್ತೆರಡು" ಎಂದು ಕೂಗಿದೆ. ಬಸಣ್ಣ ಬರೆದುಕೊಂಡರು, ಊರಿನ ಹೆಸರನ್ನು ಪಟ್ಟಿಯ ಮೊದಲಿಗೇ ಹಾಕಿದರು.

"ಅಣ್ಣಾ, ಇನ್ನ ಎಷ್ಟು ಮಳಿಗಾಲ?" ಎಂದು ಮಲ್ಲಮ್ಮ ಕೇಳಿದರು.

"ಗ್ವಾಡಿ ಆಗಲಿಲ್ಲಂದ್ರ ಎರಡು, ಯವ್ವಾ" ಎಂದರು ಬಸಣ್ಣ. ಈ ಸಲ ಅವರು ನೋಟುಬುಕ್ಕು ನೋಡಲಿಲ್ಲ.

ಶಹಾಬಾದಕ್ಕೆ ನಾವು ಹಿಡಿಯಬೇಕಿದ್ದ ಕೊನೆಯ ಬಸ್ಸು ಐದಕ್ಕೆ. ನಾನು ಟೇಪು ಸುತ್ತತೊಡಗಿದೆ. ಸ್ವಲ್ಪ ಬಂತು, ಆಮೇಲೆ ಬಿಗಿಯಾಯಿತು. ನೋಡಿದರೆ ಮಲ್ಲಮ್ಮ ದಿಬ್ಬದ ಪಕ್ಕ ಕೂತು, ತುದಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನು ಎರಡು ಸಲ ಕೇಳಿಸಿತು. ಬಸಣ್ಣ ನನ್ನ ಮುಖ ನೋಡಿದರು. ನಾನು ಟೇಪನ್ನು ಎಳೆಯದೆ ಹಾಗೇ ಹಿಡಿದು ನಿಂತೆ. ಬಸ್ಸು ಹೊರಟುಹೋಯಿತು.