ರೇಡಿಯೋಗೆ ಒಂದು ಕಾರ್ಡು

ಆ ಬೀದಿಯವರಿಗೆಲ್ಲ ಅವಳು ಅಚ್ಚಿನಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ, ಮನೆಯ ಮುಂಗೋಣೆಯಲ್ಲಿದ್ದ ಅಚ್ಚುಕೂಟಕ್ಕೆ ಮಾವನಿಗೆ ಕಾಫಿ ಕೊಡಲು ಹೋದವಳು ಅಲ್ಲೇ ನಿಂತುಬಿಟ್ಟಿದ್ದಳು. ಮರದ ಖಾನೆಗಳ ತುಂಬ ಸೀಸದ ಮೊಳೆಗಳು, ಅವುಗಳ ಮೇಲೆ ಕನ್ನಡಿಯೊಳಗಿನ ಹಾಗೆ ತಿರುಗಿದ ಅಕ್ಷರಗಳು. ಒಳಗೆ ಹಾಲು ಉಕ್ಕಿಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಕೈಯೆಲ್ಲ ಮಸಿ ಆಗತ್ತಮ್ಮ" ಎಂದಿದ್ದರು ಮಾವ.

"ಒಲೆ ಮುಂದೆ ಕೂತ್ರೂ ಮಸಿನೇ ಅಲ್ವಾ ಮಾವ?"

ಮಾವ ನಕ್ಕು ಮೊಳೆ ಜೋಡಿಸುವುದನ್ನು ಹೇಳಿಕೊಟ್ಟರು. ವಿಸಿಟಿಂಗ್ ಕಾರ್ಡು ಅವರಿಗೆ ಅಚ್ಚುಮೆಚ್ಚಿನ ಕೆಲಸ. "ಕಾರ್ಡು ಮನೆ ಬಾಗಿಲಿದ್ದ ಹಾಗಮ್ಮ. ಸಾಮಾನೆಲ್ಲ ತಂದು ಬಾಗಿಲಿಗೇ ತಗುಲಿ ಹಾಕಿದ್ರೆ ಒಳಗೆ ಯಾರು ಬರ್ತಾರೆ?" ಎನ್ನುತ್ತಿದ್ದರು. ಗಂಡ ಬಸ್ಸು ಓಡಿಸುತ್ತಿದ್ದ, ಅವನಿಗೆ ಮಸಿಯ ವಾಸನೆಯೇ ಆಗುತ್ತಿರಲಿಲ್ಲ. ಹಾಗಾಗಿ ಮಾವ ತೀರಿಕೊಂಡ ಮೇಲೆ ತುಳಿದು ಅಚ್ಚು ಹಾಕುವ ಟ್ರೆಡಲ್ ಮಷೀನು ಅವಳ ಕಾಲಿಗೆ ಬಂತು. ಧಡಕ್ ಧಡಕ್ ಎಂದು ಮಧ್ಯಾಹ್ನವೆಲ್ಲ ಅದರ ಸದ್ದು. ಪಕ್ಕದ ಮನೆಯ ಕೂಸು ಆ ಸದ್ದಿಗೇ ನಿದ್ದೆ ಹೋಗುತ್ತಿತ್ತು. ಮಷೀನು ನಿಂತರೆ ಎದ್ದು ರಂಪ ಮಾಡುತ್ತಿತ್ತು.

ಮೂಲೆಯ ಕಟಿಂಗ್ ಶಾಪಿನವನಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ಕತ್ತರಿಗಿಂತ ಅವನ ನಾಲಿಗೆಯೇ ಚುರುಕು. ಊರ ಸುದ್ದಿಯೆಲ್ಲ ಅವನ ಬಾಯಲ್ಲಿ ಕೇಳಿದರೇ ರುಚಿ. ಅಂಥವನಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರಾ ಹೋಯಿತು. ಅಂಗಡಿ ಬಣಗುಟ್ಟತೊಡಗಿತು. ಒಂದು ಬೆಳಿಗ್ಗೆ ಕೈಯಲ್ಲಿ ಸ್ಲೇಟು ಹಿಡಿದು, ಹೆಂಡತಿಯ ಜೊತೆ ಅಚ್ಚುಕೂಟಕ್ಕೆ ಬಂದ.

"ಅಕ್ಕಾ, ಇವರಿಗೊಂದು ಕಾರ್ಡು ಬೇಕಂತೆ" ಎಂದಳು ಹೆಂಡತಿ. ಅವನು ತಾನೇ ಬರೆದುಕೊಂಡು ಬಂದಿದ್ದ ಹಾಳೆ ಚಾಚಿದ. ಕಟಿಂಗ್, ಶೇವಿಂಗ್, ತಲೆಗೆ ಬಣ್ಣ, ಒಂದು ಕಡೆ ಕತ್ತರಿಯ ಚಿತ್ರ, ಇನ್ನೊಂದು ಕಡೆ ಗುಲಾಬಿ. ಕೊನೆಗೆ, 'ಆಪರೇಷನ್ ಆಗಿರುವುದರಿಂದ ಮಾತನಾಡಲಾಗುವುದಿಲ್ಲ, ಗಿರಾಕಿಗಳು ದಯವಿಟ್ಟು ಕ್ಷಮಿಸಬೇಕು.'

ಅಚ್ಚಿನಕ್ಕ ಓದಿ ಕನ್ನಡಕ ತೆಗೆದಳು. "ಇದನ್ನ ಓದಿದೋರು ತಲೆ ಕೊಡೋಕೆ ಬರಲ್ಲ ತಮ್ಮ. ಹಣ್ಣು ತಗೊಂಡು ನಿನ್ನ ನೋಡೋಕೆ ಬರ್ತಾರೆ."

ಅವನ ಮುಖ ಕೆಂಪಾಯಿತು. 'ಹಾಗಾದರೆ ಸುಳ್ಳು ಹೇಳಲಾ?' ಎಂದು ಸ್ಲೇಟಿನಲ್ಲಿ ಗೀಚಿದ.

"ಸುಳ್ಳೂ ಬೇಡ, ಕ್ಷಮೆನೂ ಬೇಡ. ಈಗ ಅಂಗಡೀಲಿ ಏನಾಗ್ತಿದೆ, ಅದು ಹೇಳು."

ಹೆಂಡತಿಯೇ ಹೇಳಿದಳು. "ಬಂದೋರು ಏನಾದ್ರೂ ಕೇಳ್ತಾರೆ. ಇವರು ಕತ್ತರಿ ಕೆಳಗಿಟ್ಟು ಉತ್ತರ ಬರೆಯೋಕೆ ಕೂರ್ತಾರೆ. ಅವರ ಕಟಿಂಗ್ ಅರ್ಧಕ್ಕೇ ನಿಂತಿರತ್ತೆ."

ಅವನು ಸ್ಲೇಟು ಒರೆಸಿದ. ಮತ್ತೆ ಬರೆದ: 'ಇನ್ನು ಅವರೇ ಮಾತಾಡಲಿ. ನಾನು ಕತ್ತರಿಸುತ್ತೇನೆ.'

"ಇದೇ ನೋಡು ನಿನ್ನ ಕಾರ್ಡು" ಎಂದು ಅಚ್ಚಿನಕ್ಕ ಮೊಳೆಗಳ ಮುಂದೆ ಕೂತಳು. ಮೇಲೆ ಅವನ ಹೆಸರು, ಕೆಳಗೆ ಅಂಗಡಿ ಇರುವ ಜಾಗ. ನಡುವೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು: 'ಮಾತು ನಿಮ್ಮದು, ಕತ್ತರಿ ನನ್ನದು.' ಮಿಕ್ಕದ್ದೆಲ್ಲ ಬಿಳಿ.

ಮಸಿ ಆರದ ಮೊದಲ ಕಾರ್ಡನ್ನು ಅವನು ತಿರುಗಿಸಿ ತಿರುಗಿಸಿ ನೋಡಿದ. 'ಇಷ್ಟೊಂದು ಖಾಲಿ? ಬೋಳು ತಲೆ ಇದ್ದ ಹಾಗಿದೆ' ಎಂದು ಬರೆದ.

"ಬೋಳಲ್ಲಪ್ಪ. ನೀಟಾಗಿ ಕಟಿಂಗ್ ಆಗಿದೆ."

ಗಂಟಲಿನಲ್ಲಿ ಸದ್ದಿಲ್ಲದಿದ್ದರೂ ಅವನ ಭುಜ ಕುಲುಕುವಷ್ಟು ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದನ್ನು ನೋಡಿರದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾರ್ಡು ಕೈಯಿಂದ ಕೈಗೆ ಹೋಯಿತು. ಸುದ್ದಿಗಾಗಿ ಬರುತ್ತಿದ್ದ ಕೆಲವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆದರೆ ಅವನ ಮಾತಿನ ಮಳೆಯಲ್ಲಿ ಬಾಯಿ ಬಿಡಲು ಜಾಗವೇ ಸಿಗದಿದ್ದವರು ಬಂದರು. ಗಣಿತದ ಮೇಷ್ಟ್ರು ಒಬ್ಬರು ಆ ಕುರ್ಚಿಯಲ್ಲಿ ಕೂತು, ತೀರಿಹೋದ ಹೆಂಡತಿಯ ಬಗ್ಗೆ ಮೊದಲ ಸಲ ಇನ್ನೊಬ್ಬರ ಹತ್ತಿರ ಹೇಳಿಕೊಂಡರು. ಅವರ ಹೆಗಲು ಅಲುಗುವುದು ನಿಲ್ಲುವವರೆಗೆ ರೇಡಿಯೋ ಕತ್ತರಿ ಎತ್ತಿ ಹಿಡಿದು ಕಾದ. ಕಾರ್ಡು ಮುಗಿದಾಗಲೆಲ್ಲ ಬಂದು ಮತ್ತೆ ಅಚ್ಚು ಹಾಕಿಸಿಕೊಳ್ಳುತ್ತಿದ್ದ. ಒಂದು ಅಕ್ಷರವನ್ನೂ ಬದಲಿಸಲು ಬಿಡಲಿಲ್ಲ.

ಆಮೇಲೆ ಕಂಪ್ಯೂಟರು ಬಂತು, ಬಣ್ಣಬಣ್ಣದ ನುಣುಪು ಕಾರ್ಡುಗಳು ಬಂದವು. ಅಚ್ಚಿನಕ್ಕನ ಮೊಣಕಾಲು ಟ್ರೆಡಲ್ ತುಳಿಯಲು ಒಲ್ಲೆನೆಂದಿತು. ಮಷೀನನ್ನು ಗುಜರಿಯವನಿಗೆ ಕೊಟ್ಟ ದಿನ ರೇಡಿಯೋ ಅಂಗಡಿಗೆ ಬಾಗಿಲು ಹಾಕಿ ಬಂದು ಅವಳ ಪಕ್ಕ ನಿಂತಿದ್ದ. ಆಳುಗಳು ಏದುಸಿರು ಬಿಡುತ್ತಾ ಮಷೀನನ್ನು ಬಾಗಿಲು ದಾಟಿಸಿದರು. ನೆಲದ ಮೇಲೆ ಅದು ನಿಂತಿದ್ದಷ್ಟು ಅಗಲಕ್ಕೆ ಎಣ್ಣೆಯ ಕಪ್ಪು ಕಲೆ ಉಳಿಯಿತು.

ಮಗಳು ಈಗ ಆ ಕೋಣೆಯಲ್ಲೇ ಅಮ್ಮನಿಗೆ ಮಂಚ ಹಾಕಿಕೊಟ್ಟಿದ್ದಾಳೆ. ಕಲೆ ಕಾಣದಂತೆ ಚಾಪೆ ಹಾಸೋಣ ಎಂದು ಆಗಾಗ ಅನ್ನುತ್ತಾಳೆ. "ಇರಲಿ ಬಿಡೇ, ಅದರಿಂದ ನಿನಗೇನು ತೊಂದರೆ" ಎಂದು ಅಚ್ಚಿನಕ್ಕ ಮಗ್ಗುಲು ಬದಲಿಸುತ್ತಾಳೆ.