ಅಕ್ಕಾರ ಹೆಸರಿನಲ್ಲಿ ಬಂದ ವೈರಸ್

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ಹುಬ್ಬಳ್ಳಿಯ ಒಂದು ಬಟ್ಟೆ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಇಮೇಲ್ ವೈರಸ್‌ಗಳ ಹಾವಳಿಯ ಕಾಲ ಅದು. ವೈರಸ್ ಇರುವ ಫೈಲು ಬಂದರೆ ನಮ್ಮ ಸರ್ವರ್ ಅದನ್ನು ತಡೆದು, 'ನೀವು ಕಳಿಸಿದ ಮೇಲ್‌ನಲ್ಲಿ ವೈರಸ್ ಇದೆ' ಎಂದು ಕಳಿಸಿದವರಿಗೆ ತಾನೇ ಎಚ್ಚರಿಕೆ ಕಳಿಸುತ್ತಿತ್ತು.

ಒಂದು ಮಧ್ಯಾಹ್ನ ಧಾರವಾಡದಿಂದ ಹಿರಿಯ ಹೆಂಗಸೊಬ್ಬರು ಬಸ್ಸಿನಲ್ಲಿ ನಮ್ಮ ಆಫೀಸಿಗೆ ಬಂದರು. ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತರಾದ ಟೀಚರು, ಹಾಗಾಗಿ ಎಲ್ಲರಿಗೂ ಅಕ್ಕಾರು. ಹತ್ತಿರದ ಅಮ್ಮಿನಬಾವಿಯ ಹೆಣ್ಣುಮಕ್ಕಳು ಬಟ್ಟೆ ತುಂಡು ಜೋಡಿಸಿ ಹೊಲಿದ ಕೌದಿ ಹೊದಿಕೆಗಳ ಫೋಟೋಗಳನ್ನು ನಮಗೆ ಇಮೇಲ್ ಮಾಡಿ ಆರ್ಡರ್ ಹಿಡಿಯುತ್ತಿದ್ದರು. ಕೆಲವು ದಿನಗಳಿಂದ ಅವರ ಫೋಟೋಗಳು ನಿಂತುಹೋಗಿದ್ದವು.

"ತಮ್ಮಾ, ನನ್ನಿಂದ ನಿಮಗ ರೋಗ ಹತ್ತೇತಂತ. ದಿನಾ ಪತ್ರ ಬರಾಕತ್ತಾವು. ಹೆದರಿ ಕಂಪ್ಯೂಟರ್ ಬಂದ್ ಮಾಡಿ, ಮ್ಯಾಲ ಅರಿವಿ ಹೊಚ್ಚಿ ಬಂದೇನಿ."

ಅವರನ್ನು ಕೂರಿಸಿ, ತಡೆದಿಟ್ಟ ಮೇಲ್‌ಗಳನ್ನು ಒಂದೊಂದಾಗಿ ತೆರೆದೆ. ಮೇಲೆ ಅಕ್ಕಾರ ವಿಳಾಸವೇ ಇತ್ತು. ಆದರೆ ಹೊರಟ ಜಾಗ ಧಾರವಾಡದ್ದಲ್ಲ, ನಮ್ಮದೇ ಕಟ್ಟಡದ್ದು! ಹುಡುಕುತ್ತ ಹೋದರೆ ಸಿಕ್ಕಿದ್ದು ಕಂಪನಿಯ ಮಾಲೀಕರಾದ ಸಾಹುಕಾರರ ಕೋಣೆಯ ಕಂಪ್ಯೂಟರ್. ಅದರೊಳಗೆ ಸೇರಿದ್ದ ವೈರಸ್, ಅವರ ವಿಳಾಸ ಪಟ್ಟಿಯಲ್ಲಿದ್ದವರ ಹೆಸರು ಕದ್ದು ಮೇಲ್ ಕಳಿಸುತ್ತಿತ್ತು. ನಮ್ಮ ಸರ್ವರ್ ಆ ಹೆಸರನ್ನೇ ನಂಬಿ ಅವರಿಗೆಲ್ಲ ಎಚ್ಚರಿಕೆ ಕಳಿಸುತ್ತಿತ್ತು.

"ಅಕ್ಕಾರ, ನಿಮ್ಮದೇನೂ ತಪ್ಪಿಲ್ರಿ. ನಿಮ್ಮ ಹೆಸರು ಹಚ್ಚಿ ಬ್ಯಾರೆ ಯಾರೋ ಪತ್ರ ಹಾಕಿದಂಗ ಆಗೇತಿ."

ಅವರು ದೊಡ್ಡದಾಗಿ ಉಸಿರುಬಿಟ್ಟರು. ಸಾಹುಕಾರರು ಮಾತ್ರ ಪೆಚ್ಚಾದರು. "ರೋಗ ನಮ್ಮ ಮನ್ಯಾಗ, ಔಷಧ ಮಂದಿಗೆ ಕೊಟ್ಟಂಗಾತಲ್ಲೋ," ಎಂದು ಚಹಾ ತರಿಸಿದರು.

ಆ ಕಂಪ್ಯೂಟರಿನ ನೆಟ್‌ವರ್ಕ್ ತಂತಿ ಕಿತ್ತು ಸ್ವಚ್ಛ ಮಾಡಿದೆ. ಹೊರಗಿನವರಿಗೆ ಎಚ್ಚರಿಕೆ ಹೋಗುವುದನ್ನು ನಿಲ್ಲಿಸಿ, ಅದು ನನಗೊಬ್ಬನಿಗೇ ಬರುವಂತೆ ಸರ್ವರ್‌ನಲ್ಲಿ ಬದಲಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

"ನನ್ನಂಗ ಇನ್ನ ಎಷ್ಟ ಮಂದಿ ಹೆದರಿ ಕುಂತಾರೋ. ಅವರಿಗೆ ಯಾರ ಹೇಳತಾರ?" ಎಂದರು ಅಕ್ಕಾರು.

ಎಚ್ಚರಿಕೆ ಹೋಗಿದ್ದವರಿಗೆಲ್ಲ ಬರೆಯಲು ಕುಳಿತೆ. 'ತಾಂತ್ರಿಕ ಕಾರಣಗಳಿಂದ' ಎಂದು ಶುರು ಮಾಡುತ್ತಿದ್ದಂತೆ, ಬಗಲಿಗೆ ಕುಳಿತಿದ್ದ ಅಕ್ಕಾರು ತಡೆದರು.

"ಹಂಗ ಬ್ಯಾಡ. 'ತಪ್ಪು ನಮ್ಮದು, ನಿಮ್ಮದಲ್ಲ' ಅಂತ ಬರಿ. ಓದಿದವರಿಗೆ ತಿಳೀಬೇಕಲ್ಲ."

ಹಾಗೆಯೇ ಬರೆದೆ. ಸಂಜೆಯ ಹೊತ್ತಿಗೆ ಶಿರಗುಪ್ಪಿಯ ಹತ್ತಿ ವ್ಯಾಪಾರಿಯೊಬ್ಬರು ಫೋನ್ ಮಾಡಿ, "ಛಲೋ ಆತ್ರಿ ತಿಳಿಸಿದ್ದು. ನಾಳೆ ಕಂಪ್ಯೂಟರ್ ರಿಪೇರಿಗೆ ಒಯ್ಯಾಂವ ಇದ್ದೆ," ಎಂದರು. ಅಕ್ಕಾರಿಗೆ ಅದನ್ನು ಹೇಳೋಣವೆಂದು ತಿರುಗಿದರೆ, ಅವರು ಆಗಲೇ ಬಸ್ ಹಿಡಿಯಲು ಹೊರಟುಹೋಗಿದ್ದರು.