ಸೀಲಿಲ್ಲದ ದೋಣಿ

ನನಗೆ ಈಜು ಬರುವುದಿಲ್ಲ. ಸಿರುಗುಪ್ಪದ ಕಾಲುವೆಯಲ್ಲಿ ಮೊಣಕಾಲುದ್ದ ನೀರಿಗಿಳಿದರೂ ದಂಡೆಯ ಹುಲ್ಲು ಹಿಡಿದುಕೊಳ್ಳುವ ಗಿರಾಕಿ ನಾನು. ಅಂಥವನು ಹಾಯಿದೋಣಿಯಲ್ಲಿ ಸಮುದ್ರ ದಾಟಿ ಆಫ್ರಿಕಾ ಮುಟ್ಟಿದೆನೆಂದರೆ ಬಳ್ಳಾರಿಯ ನಮ್ಮ ಕಂಟೋನ್ಮೆಂಟಿನಲ್ಲಿ ಯಾರೂ ನಂಬುವುದಿಲ್ಲ. ಹೆಂಡತಿ ನಂಬುತ್ತಾಳೆ, ಏಕೆಂದರೆ ದೋಣಿ ಅವಳ ತಮ್ಮನದು.

ಕುರುಗೋಡಿನ ಈ ಭಾವಮೈದುನ ಬಸವರಾಜ ಸರಕು ಹಡಗುಗಳಲ್ಲಿ ದುಡಿದು ನಿವೃತ್ತನಾದವನು. ಯಾಚ್ ಎನ್ನುವ ಹಳೆಯ ಹಾಯಿದೋಣಿಯೊಂದನ್ನು ಕೊಂಡು, "ಮಾಮಾ, ನೀವೂ ಬರ್ರಿ. ಗಾಳಿ ನಾ ನೋಡ್ಕೊಂತೀನಿ, ಕಾಗದಪತ್ರ ನೀವು ನೋಡ್ಕೊಳ್ರಿ" ಎಂದ. ಕಾಗದವೆಂದರೆ ಸಾಕು, ನನಗೆ ಹುರುಪು. ಮೂವತ್ತು ವರ್ಷ ಸರ್ಕಾರಿ ಗುಮಾಸ್ತನಾಗಿದ್ದವನು. "ಯಾವ ದೇಶದ ಆಫೀಸರ್ ಆದ್ರೂ ನನ್ನ ಫೈಲಿನ್ಯಾಗ ತಪ್ಪು ತೆಗೀಲಿ ನೋಡೋಣು" ಎಂದು ಜಂಬ ಕೊಚ್ಚಿದೆ. ಮೂರು ವಾರ ವಾಂತಿ ಮಾಡಿಕೊಳ್ಳುತ್ತಲೇ ಪುಟಸಂಖ್ಯೆ ಹಾಕಿದೆ, ಟ್ಯಾಗು ಕಟ್ಟಿದೆ.

ಬಂದರಿನ ಹೆಸರು ಹೇಳುವುದಿಲ್ಲ, ನನ್ನ ಮರ್ಯಾದೆ ಅಲ್ಲೇ ಮುಳುಗಿದೆ. ಹೊರದೇಶದ ದೋಣಿ ಬಂದ ಕೂಡಲೇ ಹಳದಿ ಬಾವುಟ ಏರಿಸಿ ಕಾಯಬೇಕು. ಅಧಿಕಾರಿಗಳು ಒಪ್ಪುವವರೆಗೆ ನೆಲಕ್ಕೆ ಕಾಲಿಡುವಂತಿಲ್ಲ. ಆರೋಗ್ಯ ಇಲಾಖೆಯವನು ಬಂದು, ನನ್ನ ಮುಖ ಕಂಡು ಎರಡು ಸಲ ಜ್ವರ ಅಳೆದು ಹೋದ. ಆಮೇಲೆ ಕನ್ನಡಕದ, ತಲೆವಸ್ತ್ರದ ಹಿರಿಯ ಮಹಿಳಾ ಅಧಿಕಾರಿಯೊಬ್ಬರು ಬ್ಯಾಗು ಹಿಡಿದು ಬಂದರು. ಫೈಲು ತಿರುವಿ ಮೆಚ್ಚಿದರು. ನಾನು ಎದೆಯುಬ್ಬಿಸಿದೆ. ಕೊನೆಯ ಪುಟಕ್ಕೆ ಬಂದು ಕೇಳಿದರು: "ದೋಣಿಯ ಹೆಸರಿನ ರಬ್ಬರ್ ಸೀಲ್ ಎಲ್ಲಿ?"

ದೋಣಿಗೂ ಸೀಲೇ! ರಾಜರ ಕಾಲದಿಂದ ಹೀಗೇ ನೋಡಿ, ತಾಮ್ರಪಟವೇ ಇರಲಿ, ಮುದ್ರೆ ಬೀಳದೆ ಅದು ಬರೀ ತಗಡು. ಇದು ನನಗೆ ಗೊತ್ತಿಲ್ಲವೇ? "ಸೀಲ್ ಇಲ್ದ ಕಾಗದ, ಉಪ್ಪಿಲ್ದ ಸಾರು" ಎಂದು ನಾನೇ ಎಷ್ಟು ಮಂದಿಯನ್ನು ತಿರುಗಿ ಕಳಿಸಿದ್ದೇನೆ!

"ಮಾಡಿಸಿಕೊಂಡು ಸೋಮವಾರ ತೋರಿಸಿ" ಎಂದರು ಆಕೆ. ಅಂದು ಶುಕ್ರವಾರ. ಕುಡಿಯುವ ನೀರು ಅರ್ಧ ಕ್ಯಾನ್ ಉಳಿದಿತ್ತು. ದಡಕ್ಕಿಳಿಯದೆ ಸೀಲು ಮಾಡಿಸುವುದು ಹೇಗೆಂದು ಕೇಳಲಿಲ್ಲ. ಇಂಥದ್ದನ್ನು ಕೇಳಿದವರನ್ನು ನಾನೂ ಗದರಿಸಿದ್ದೆ. ಬಸವರಾಜ ಕ್ಯಾನ್ ಎತ್ತಿ ಅಲ್ಲಾಡಿಸಿ ನೋಡಿ ಕೆಳಗಿಟ್ಟ. ಬೈದಿದ್ದರೆ ವಾಸಿಯಿತ್ತು.

ಆಗ ದೇಶನೂರಿನ ಈರಪ್ಪಜ್ಜ ನೆನಪಾದ. ನಾಟಿ ಬಿಟ್ಟು ನಾಲ್ಕು ದಿನ ಒಂದು ದಾಖಲೆಗಾಗಿ ನನ್ನ ಟೇಬಲ್ಲಿಗೆ ಅಲೆದವನು. ಸೀಲಿಲ್ಲವೆಂದು ಕಳಿಸಿದಾಗ, "ಹೆಬ್ಬೆಟ್ಟು ಒತ್ತೀನಲ್ರಿ ಸಾಹೇಬ್ರ, ಸಾಲ್ದೇನು? ಈ ಬೆಟ್ಟು ಮತ್ಯಾರಿಗೂ ಇಲ್ರಿ" ಎಂದಿದ್ದ. ಕಚೇರಿಯೆಲ್ಲ ನಕ್ಕಿತ್ತು, ನಾನು ಎಲ್ಲರಿಗಿಂತ ಜೋರಾಗಿ.

ಬಾಯಿಂದ ಅದೇ ಮಾತು ಬಂತು. "ಅಮ್ಮಾ, ಹೆಬ್ಬೆಟ್ಟು ಒತ್ತಿದರೆ ಸಾಲದೇ?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ನನ್ನನ್ನು ದಿಟ್ಟಿಸಿದರು. ಖಾಲಿಯಾಗುತ್ತಿದ್ದ ಕ್ಯಾನನ್ನೂ ನೋಡಿದರು. ನಗಲಿಲ್ಲ. ಬ್ಯಾಗಿನಿಂದ ಶಾಯಿಯ ಪ್ಯಾಡು ತೆಗೆದು ಮುಂದಿಟ್ಟರು. ಒತ್ತಿದೆ. ಹಳದಿ ಬಾವುಟ ಇಳಿಯಿತು. ನೆಲ ಮೆಟ್ಟಿದಾಗ ಕಣ್ಣಲ್ಲಿ ನೀರು ಬಂದದ್ದು ಸಂತೋಷಕ್ಕೋ ನಾಚಿಕೆಗೋ ಎಂದರೆ, ನಾಚಿಕೆಗೇ ಅನ್ನಿ.

ಊರಿಗೆ ಬಂದ ವಾರದಲ್ಲೇ ಬಸ್ಸು ಹತ್ತಿ ದೇಶನೂರಿಗೆ ಹೋದೆ. ಈರಪ್ಪಜ್ಜ ಗದ್ದೆಯ ಬದುವಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ಆಫ್ರಿಕಾ ಎಷ್ಟು ದೂರ, ಸಮುದ್ರ ಎಷ್ಟು ಆಳ, ಯಾವುದನ್ನೂ ಕೇಳಲಿಲ್ಲ.

"ನಿಮ್ಮನ್ನ ಎಷ್ಟು ದಿನ ಅಡ್ಡಾಡಿಸಿದ್ರು, ಸಾಹೇಬ್ರ?"

"ಅರ್ಧ ತಾಸು, ಅಜ್ಜ."

"ಚಲೋ ಮಂದಿ ಬಿಡ್ರಿ" ಎಂದು ಅವನು ಪಕ್ಕದಲ್ಲಿ ನನಗೆ ಕೂರಲು ಜಾಗ ಮಾಡಿಕೊಟ್ಟ. ನನ್ನ ಕಚೇರಿಯಲ್ಲಿ ಆ ನಾಲ್ಕು ದಿನವೂ ಅವನು ನಿಂತೇ ಇದ್ದ.